ಆರು ಗಂಟೆಯೊಳಗೆ ಆನೆ ಮಾರಬೇಕು

ಬೆಳಿಗ್ಗೆ ಹತ್ತಕ್ಕೆ ಯಜಮಾನರು ಅಂಗಡಿಗೆ ಕಾಲಿಟ್ಟಾಗ ದೊಡ್ಡ ಟೀವಿಯ ಮೇಲೆ ಗಿಳಿ ಇರಬೇಕಿತ್ತು. ಇರಲಿಲ್ಲ. ಗಿಳಿಯ ಜಾಗದಲ್ಲಿ ಮೈಯೆಲ್ಲ ಕೆಸರು ಮೆತ್ತಿಕೊಂಡ ಒಬ್ಬ ಗೋಲ್‌ಕೀಪರ್ ಕಂಬಕ್ಕೆ ಹಣೆ ಆನಿಸಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದ. ಅವನೆದುರು, ಧೂಳು ಒರೆಸುವ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಟೀವಿ ವಿಭಾಗದ ಸೇಲ್ಸ್‌ಮನ್ನೂ ಅಳುತ್ತಿದ್ದ.

ಈ ಸೇಲ್ಸ್‌ಮನ್ನನ್ನು ಅಂಗಡಿಯಲ್ಲಿ ಎಲ್ಲರೂ ಕರೆಯುವುದು ಕಾಮೆಂಟ್ರಿ ಎಂದು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ತಿಂಗಳಿಗೊಮ್ಮೆ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಕ್ರೀಡೆಯ ಸಾಕ್ಷ್ಯಚಿತ್ರ ಎಂದರೆ ಅವನಿಗೆ ಪ್ರಾಣ. ಹಾಗಂತ ಅವನು ಆಟಗಾರನೇನಲ್ಲ. ಶಾಲೆಯಲ್ಲಿ ಉಳಿದವರು ಆಡುವಾಗ ಅವರ ಅಂಗಿ, ಚಪ್ಪಲಿ, ಕೈಗಡಿಯಾರ ಕಾಯುವ ಕೆಲಸ ಅವನದಾಗಿತ್ತು. ಹಾಗೆ ಕಾಯುತ್ತ ಕೂತವನಿಗೆ ಗೆದ್ದವರಿಗಿಂತ ಸೋತವರ ಮುಖವೇ ಹೆಚ್ಚು ಇಷ್ಟವಾಗಿಬಿಟ್ಟಿತು. ಈಗ ಅವನ ಬಳಿ ಅಂಥ ನೂರಾ ಎಂಟು ಚಿತ್ರಗಳಿದ್ದವು. ಸಿಕ್ಕಿದವರಿಗೆಲ್ಲ "ಒಂದು ಒಳ್ಳೇದು ಹೇಳ್ತೀನಿ, ನೋಡ್ಲೇಬೇಕು" ಎಂದು ಶುರುಮಾಡಿದರೆ ಆ ಗಿರಾಕಿ ವಾಚು ನೋಡಿಕೊಳ್ಳುವವರೆಗೂ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಸೌಜನ್ಯವಂತರು. "ನೋಡೋಣ" ಎಂದು ಹೇಳಿ ಮೆಟ್ಟಿಲಿಳಿಯುತ್ತಿದ್ದರು. ಚಿತ್ರವನ್ನೂ ನೋಡುತ್ತಿರಲಿಲ್ಲ, ಟೀವಿಯನ್ನೂ ಕೊಳ್ಳುತ್ತಿರಲಿಲ್ಲ.

"ಏನಯ್ಯಾ ಇದು?" ಎಂದರು ಯಜಮಾನರು.

"ಇಪ್ಪತ್ತೇಳು ಗೋಲು ಬಿಟ್ಟ ಸರ್, ಒಂದೇ ಮ್ಯಾಚಲ್ಲಿ. ಆದ್ರೆ ಇಪ್ಪತ್ತೆಂಟನೇದನ್ನ ತಡೆದ. ಇಡೀ ಕತೆ ಇರೋದೇ ಇಪ್ಪತ್ತೆಂಟನೇದರಲ್ಲಿ."

"ನಾನು ಕೇಳಿದ್ದು ಗಿಳಿ ಎಲ್ಲಿ ಅಂತ."

ಗಿಳಿ ಎಂದರೆ ಟೀವಿ ಕಂಪನಿಯವರು ಕಳಿಸಿದ ಪೆನ್‌ಡ್ರೈವು. ಅದರಲ್ಲಿ ಒಂದು ಹೂವು ಅರಳುತ್ತದೆ, ಒಂದು ಜಲಪಾತ ಬೀಳುತ್ತದೆ, ಕೊನೆಗೆ ಒಂದು ಗಿಳಿ ರೆಕ್ಕೆ ಬಿಚ್ಚುತ್ತದೆ. ಗಿಳಿಯ ಒಂದೊಂದು ಪುಕ್ಕವನ್ನೂ ಬಿಡಿಬಿಡಿಯಾಗಿ ನೋಡಬಹುದು. ನೋಡಿದವರು ಮರುಮಾತಾಡದೆ ಟೀವಿ ಹೊತ್ತುಕೊಂಡು ಹೋಗುತ್ತಾರೆ ಎಂಬುದು ಕಂಪನಿಯವರ ನಂಬಿಕೆ. ಆದರೆ ಈ ಎಂಬತ್ತೈದು ಇಂಚಿನ ಟೀವಿ ಮಾತ್ರ ಹದಿನಾಲ್ಕು ತಿಂಗಳಿಂದ ಅಲ್ಲಾಡಿರಲಿಲ್ಲ. ಅಂಗಡಿಯ ಅರ್ಧ ಗೋಡೆಯನ್ನು ನುಂಗಿ ನಿಂತಿದ್ದ ಅದಕ್ಕೆ ಎಲ್ಲರೂ ಸೇರಿ ಆನೆ ಎಂದು ಹೆಸರಿಟ್ಟಿದ್ದರು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ತೆಗೆದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ನಾಳೆ ಬೆಳಿಗ್ಗೆ ಹೊಸ ಮಾಲು ಬರ್ತಿದೆ. ನಂಗೆ ಈ ಜಾಗ ಬೇಕು. ಇವತ್ತು ಸಂಜೆ ಆರು ಗಂಟೆಯೊಳಗೆ ಆನೆ ಮಾರಾಟ ಆಗಿರ್ಬೇಕು. ಆಗ್ಲಿಲ್ಲಾ ಅಂದ್ರೆ, ಗೋಡೌನ್ ಮಾವ ಇವತ್ತು ರಿಟೈರ್ ಆಗ್ತಿದ್ದಾರೆ, ನಾಳೆಯಿಂದ ಅವರ ಕುರ್ಚಿ ನಿಂದು."

ಗೋಡೌನು ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಇರುವುದು ಒಂದೇ ಬಲ್ಬು. ಅಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಗೋಡೌನ್ ಮಾವ ಕಾಫಿಗೆಂದು ಮೇಲೆ ಬಂದರೆ ಮೋಡ ಕವಿದ ದಿನವೂ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೆಳಗೆ ನೂರಾರು ಟೀವಿಗಳಿದ್ದವು, ಒಂದರಲ್ಲೂ ಚಿತ್ರವಿರಲಿಲ್ಲ. ಎಲ್ಲವೂ ಡಬ್ಬದೊಳಗೆ ಕಣ್ಣು ಮುಚ್ಚಿಕೊಂಡು ಮಲಗಿದ್ದವು. ಮನೆಯಲ್ಲಾದರೂ ನೋಡೋಣವೆಂದರೆ ಅಲ್ಲಿಯ ರಿಮೋಟು ಕಾಮೆಂಟ್ರಿಯ ಅತ್ತೆಯವರ ಸೊಂಟದಲ್ಲಿ ಬೀಗದ ಕೈಯ ಹಾಗೆ ಸಿಕ್ಕಿಕೊಂಡಿರುತ್ತಿತ್ತು. ಅಂಗಡಿಯ ಈ ಹತ್ತಡಿ ಜಾಗ ತಪ್ಪಿದರೆ ಅವನ ಪಾಲಿಗೆ ಗೋಲ್‌ಕೀಪರೂ ಇಲ್ಲ, ಓಟಗಾರನೂ ಇಲ್ಲ. ಅವನಿಗೆ ನಿಜವಾಗಿ ಭಯವಾಯಿತು.

"ಇವತ್ತು ಗಿಳಿ ಬಿಟ್ಟು ಬೇರೆ ಏನೂ ಹಾಕಲ್ಲ ಸರ್," ಎಂದ. ಯಜಮಾನರು ಬ್ಯಾಂಕಿನ ಕೆಲಸಕ್ಕೆಂದು ಹೊರಟುಹೋದರು.

ಹನ್ನೊಂದಕ್ಕೆ ಗಂಡ ಹೆಂಡತಿ ಬಂದರು. ಗಂಡ ಗಡ್ಡ ನುಣ್ಣಗೆ ಬೋಳಿಸಿದ ಗಂಭೀರ ಮನುಷ್ಯ. ಹೆಂಡತಿಯ ಕೈಯಲ್ಲಿ ಅಳತೆಯ ಟೇಪು ಇತ್ತು. ಆಕೆ ಆನೆಯ ಉದ್ದ ಅಗಲ ಅಳೆದಳು, "ನಮ್ಮ ಹಾಲಿಗೆ ಸರಿಹೋಗುತ್ತೆ" ಎಂದಳು. ಕಾಮೆಂಟ್ರಿಯ ಕಿವಿಗೆ ಜೇನು ಸುರಿದಂತಾಯಿತು. ಗಿಳಿ ರೆಕ್ಕೆ ಬಿಚ್ಚಿತು. ಎಲ್ಲವೂ ಸರಿಯಾಗೇ ಇತ್ತು. ಅಷ್ಟರಲ್ಲಿ ಗಂಡ, ಮಾತಿಗೆ ಮಾತು ಬೇಕೆಂದು, ಒಂದು ಪ್ರಶ್ನೆ ಕೇಳಿದ.

"ಇಷ್ಟು ದೊಡ್ಡ ಟೀವೀಲಿ ನೋಡೋಕೆ ತಕ್ಕಂಥದ್ದು ಏನಿದೆ ಅಂತೀನಿ?"

ಬಾಯಿ ಮುಚ್ಚಿಕೋ ಎಂದು ಕಾಮೆಂಟ್ರಿ ತನಗೆ ತಾನೇ ಹೇಳಿಕೊಂಡ. ಹಲ್ಲು ಕಚ್ಚಿದ. ಬೆರಳು ಮಡಚಿದ. ಕೊನೆಗೆ "ಒಂದು ಇದೆ ಸರ್, ನೋಡ್ಲೇಬೇಕು" ಎಂದು ಅವನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು. "ಇಬ್ಬರು ಟೇಬಲ್ ಟೆನಿಸ್ ಆಟಗಾರರು. ಡಬಲ್ಸ್ ಜೋಡಿ. ಒಂಬತ್ತು ವರ್ಷ ಒಬ್ಬರಿಗೊಬ್ಬರು ಮಾತಾಡ್ಲಿಲ್ಲ. ಆದ್ರೆ ಒಂದು ಮ್ಯಾಚೂ ಸೋಲ್ಲಿಲ್ಲ!"

"ಮಾತಾಡ್ದೇನೇ?" ಎಂದ ಗಂಡ. ಅವನ ಕಣ್ಣು ಅರಳಿತು.

"ಬರೀ ಐದು ನಿಮಿಷ ತೋರಿಸ್ತೀನಿ," ಎಂದು ಕಾಮೆಂಟ್ರಿ ಗಿಳಿಯನ್ನು ಓಡಿಸಿದ.

ಐದು ನಿಮಿಷ ಐವತ್ತಾಯಿತು. ಒಂಬತ್ತನೆಯ ವರ್ಷದ ಕೊನೆಯ ಪಂದ್ಯ ಗೆದ್ದಮೇಲೆ ಒಬ್ಬಾತ ಇನ್ನೊಬ್ಬನ ಕಡೆ ತಿರುಗಿ "ನೀರು ಬೇಕಾ?" ಎಂದು ಕೇಳುವ ಘಟ್ಟ ಬಂದಾಗ ಗಂಭೀರ ಮನುಷ್ಯನ ಗಲ್ಲ ನಡುಗಿತು. ಕರವಸ್ತ್ರ ಹುಡುಕುವಷ್ಟೂ ಪುರುಸೊತ್ತಿಲ್ಲದೆ ಅವನು ಹೋ ಎಂದು ಅತ್ತ. ಹೆಂಡತಿ ಟೇಪನ್ನು ಸರ್ರನೆ ಸುತ್ತಿಕೊಂಡಳು.

"ಅಳ್ತಿದ್ದೀರಾ?" ಎಂದಳು. "ನಮ್ಮಪ್ಪ ಹೋದಾಗ ಒಂದು ಹನಿ ಬರ್ಲಿಲ್ಲ ನಿಮ್ಮ ಕಣ್ಣಲ್ಲಿ! ಕಣ್ಣು ಒಣಗೋ ಕಾಯಿಲೆ ಅಂದ್ರಿ. ಡ್ರಾಪ್ಸ್ ಬೇರೆ ಹಾಕ್ಕೊಂಡ್ರಿ!"

"ಅದು ಬೇರೆ ಕಣೇ, ಇದು ಬೇರೆ."

"ಏನು ಬೇರೆ? ನಮ್ಮಪ್ಪ ಟೇಬಲ್ ಟೆನಿಸ್ ಆಡ್ತಿರ್ಲಿಲ್ಲ, ಅಷ್ಟೇ ತಾನೆ?"

ಕಾಮೆಂಟ್ರಿ ನಡುವೆ ಬಾಯಿ ಹಾಕಿ, "ಮೇಡಂ, ಟೀವಿ ಪ್ಯಾಕ್ ಮಾಡ್ಲಾ?" ಎಂದ. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೋಡೋಣ. ಮೊದಲು ಮನೇಲಿ ಇವರನ್ನ ವಿಚಾರಿಸ್ಕೊಳ್ತೀನಿ" ಎಂದು ಹೊರಟಳು. ಗಂಡ ಹಿಂದಿನಿಂದ ಮೂಗೊರೆಸಿಕೊಳ್ಳುತ್ತ ಹೋದ. ಮುಂದಿನ ಒಂಬತ್ತು ವರ್ಷ ಆ ಮನೆಯಲ್ಲಿ ಮಾತುಕತೆ ನಡೆಯುವುದು ಅನುಮಾನವೆಂದು ನೋಡಿದವರೆಲ್ಲ ಹೇಳಿದರು.

ಹನ್ನೆರಡೂವರೆಗೆ ಎದುರು ಸಾಲಿನ ದಂತವೈದ್ಯರು ಬಂದರು. ಬಿಳಿ ಕೋಟು ಹಾಕಿಕೊಂಡೇ, ರಸ್ತೆ ದಾಟಿ ಓಡಿಬಂದವರು. "ವೇಟಿಂಗ್ ರೂಮಿಗೆ ಒಂದು ದೊಡ್ಡದು ಬೇಕು. ಒಳಗಿನ ಕಿರುಚಾಟ ಹೊರಗೆ ಕೂತೋರಿಗೆ ಕೇಳಿಸ್ಬಾರ್ದು. ಎರಡೇ ನಿಮಿಷದಲ್ಲಿ ಹೇಳಿ" ಎಂದರು.

ಎರಡೇ ನಿಮಿಷ. ಗಿರಾಕಿ ತಾನಾಗಿಯೇ ಬಂದಿದ್ದಾರೆ. ಆದರೆ ಹಲ್ಲಿನ ಡಾಕ್ಟರು ಎಂದ ಕೂಡಲೇ ಕಾಮೆಂಟ್ರಿಗೆ ನೆನಪಾದದ್ದು ಮುದಿ ಬಾಕ್ಸರ್‌ನ ಚಿತ್ರ. ನಲವತ್ತು ವರ್ಷದಲ್ಲಿ ಅವನ ಬಾಯಿಂದ ಉದುರಿದ ಹಲ್ಲುಗಳನ್ನೆಲ್ಲ ಅವನ ತಾಯಿ ಒಂದು ಗಾಜಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಒಂದೊಂದನ್ನೂ ಎತ್ತಿ ತೋರಿಸಿ, ಯಾರು ಹೊಡೆದದ್ದು, ಎಷ್ಟನೇ ಸುತ್ತಿನಲ್ಲಿ ಎಂದು ಹೇಳುತ್ತಿದ್ದರು. ಇದನ್ನು ಒಬ್ಬ ದಂತವೈದ್ಯರಿಗೆ ಹೇಳದೆ ಇರುವುದು ಹೇಗೆ? ಮನುಷ್ಯನೆಂದಮೇಲೆ ಒಂದು ಮಿತಿ ಇರುತ್ತದೆ.

"ನಿಲ್ಸಿ, ನಿಲ್ಸಿ!" ಎಂದು ಸ್ವಲ್ಪ ಹೊತ್ತಿಗೆ ಡಾಕ್ಟರು ಕೂಗಿದರು. ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಪರದೆಯ ಮೇಲಿನ ಬಾಕ್ಸರ್‌ನ ತೆರೆದ ಬಾಯಿಗೆ ಬಿಟ್ಟರು. "ಮೇಲಿನ ದವಡೇಲಿ ಎಡಗಡೆ ಎರಡನೇದು ನೋಡಿ, ಹೇಗೆ ನಿಂತಿದೆ! ಇಷ್ಟು ಏಟು ತಿಂದೂ ನಿಂತಿದೆ! ಇನ್ನೂ ಹತ್ತಿರಕ್ಕೆ ಬರೋದಿಲ್ವಾ ಇದು?"

ಹೀಗೆ ಒಂದು ಗಂಟೆ ಕಳೆಯಿತು. ಆಮೇಲೆ ಡಾಕ್ಟರ ಫೋನು ಬಡಿದುಕೊಂಡಿತು. ಅಂಗಡಿಗೆಲ್ಲ ಕೇಳುವಂತೆ ಅವರ ನರ್ಸಮ್ಮನ ದನಿ ಬಂತು. "ಡಾಕ್ಟ್ರೇ, ಎಲ್ಲಿದ್ದೀರಾ? ಪೇಷಂಟು ಬಾಯಿ ತೆಕ್ಕೊಂಡೇ ಕೂತಿದ್ದಾರೆ! ಏನೋ ಹೇಳ್ತಿದ್ದಾರೆ, ಅರ್ಥ ಆಗ್ತಿಲ್ಲ. ಬೈಗುಳ ಇರ್ಬೇಕು."

ಡಾಕ್ಟರು ಟಾರ್ಚನ್ನು ಅಲ್ಲೇ ಬಿಟ್ಟು ಬಿದ್ದಂಬೀಳ ಓಡಿದರು. "ಸರ್, ಟೀವಿ?" ಎಂದು ಕಾಮೆಂಟ್ರಿ ಬಾಗಿಲವರೆಗೂ ಬೆನ್ನಟ್ಟಿದ. ರಸ್ತೆಯ ಮಧ್ಯದಿಂದ "ನೋಡೋಣ!" ಎಂಬ ಉತ್ತರ ಬಂತು.

ಇದನ್ನೆಲ್ಲ ಪಕ್ಕದ ವಿಭಾಗದಿಂದ ಫ್ಯಾನಕ್ಕ ನೋಡುತ್ತಿದ್ದಳು. ಫ್ಯಾನುಗಳ ಮಾರಾಟ ಅವಳದು. ಹದಿನಾರು ಫ್ಯಾನುಗಳ ನಡುವೆ ದಿನವಿಡೀ ನಿಂತು ಅವಳ ಕೂದಲು ಶಾಶ್ವತವಾಗಿ ಎಡಕ್ಕೆ ವಾಲಿತ್ತು. ಪರರ ಕಷ್ಟ ಕಂಡರೆ ಅವಳು ಸುಮ್ಮನಿರುವವಳಲ್ಲ, ಕೈ ಹಾಕಿ ಅದನ್ನು ಇನ್ನಷ್ಟು ದೊಡ್ಡದು ಮಾಡಿಯೇ ತೀರುವವಳು.

"ತಮ್ಮಾ, ನಿಂಗೆ ಇರೋ ಕಾಯಿಲೆ ಬಾಯಿದು," ಎಂದಳು. "ಬಾಯಿ ತೆರೆದ್ರೆ ತಾನೇ ಸಿನಿಮಾ ಹೇಳೋದು? ಇನ್ನು ಬರೋ ಗಿರಾಕಿ ಹತ್ರ ನಾನು ಮಾತಾಡ್ತೀನಿ. ನಿಂಗೆ ಗಂಟಲು ಆಪರೇಷನ್ ಆಗಿದೆ, ಮಾತಾಡೋ ಹಾಗಿಲ್ಲ ಅಂತ ಹೇಳ್ತೀನಿ. ನೀನು ಸುಮ್ನೆ ತಲೆ ಆಡ್ಸು."

"ಸುಳ್ಳಲ್ವಾ ಅಕ್ಕ?"

"ಗೋಡೌನು ನಿಜ ಅಲ್ವಾ?"

ಕಾಮೆಂಟ್ರಿ ಕುತ್ತಿಗೆ ಮುಂದೆ ಚಾಚಿದ. ಫ್ಯಾನಕ್ಕ ತನ್ನ ಸ್ಕಾರ್ಫ್ ಬಿಚ್ಚಿ ಅವನ ಕುತ್ತಿಗೆಗೆ ಮೂರು ಸುತ್ತು ಸುತ್ತಿದಳು. ಗಿಳಿ ಮತ್ತೆ ಆನೆಯ ಮೇಲೆ ಬಂದು ಕೂತಿತು.

ಮೂರು ಗಂಟೆಗೆ ಬಂದವರು ನಿವೃತ್ತ ನ್ಯಾಯಾಧೀಶರು. ಕೋಲು ಊರಿಕೊಂಡು, ಒಂದೊಂದು ಟೀವಿಯ ಮುಂದೆಯೂ ನಿಂತು, ಅದೇನೋ ತಪ್ಪು ಮಾಡಿರಬೇಕೆಂಬಂತೆ ನೋಡುತ್ತ ಬಂದರು. ಆನೆಯ ಮುಂದೆ ನಿಂತಾಗ ಫ್ಯಾನಕ್ಕ ಆಪರೇಷನ್ನಿನ ಕತೆ ಹೇಳಿದಳು. ನ್ಯಾಯಾಧೀಶರಿಗೆ ಅಯ್ಯೋ ಪಾಪ ಎನಿಸಿತು. ಬಾಯಿಲ್ಲದ ಸೇಲ್ಸ್‌ಮನ್ನನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ, ಕಂಡು ಅವರಿಗೆ ಒಂದು ಬಗೆಯ ನೆಮ್ಮದಿಯೂ ಆಯಿತು.

"ಹೌದು ಅಥವಾ ಇಲ್ಲ ಅಂತ ತಲೆ ಆಡ್ಸಿದ್ರೆ ಸಾಕು," ಎಂದರು. "ಮೂರು ವರ್ಷ ಗ್ಯಾರಂಟಿ ಇದೆ. ಹೌದಾ?"

ಕಾಮೆಂಟ್ರಿ ತಲೆ ಆಡಿಸಿದ.

"ದೂರದಿಂದ ನೋಡಿದ್ರೂ ಅಕ್ಷರ ಕಾಣುತ್ತೆ. ಹೌದಾ?"

ಮತ್ತೆ ಆಡಿಸಿದ.

"ಇದಕ್ಕಿಂತ ಒಳ್ಳೇ ಟೀವಿ ಬೇರೆ ಅಂಗಡೀಲಿ ಸಿಗುತ್ತೆ. ಹೌದಾ?"

ಕಾಮೆಂಟ್ರಿ ಹೌದೆಂದು ಅರ್ಧ ಬಗ್ಗಿಸಿದ್ದ ತಲೆಯನ್ನು ಅಲ್ಲಿಂದಲೇ ಪಕ್ಕಕ್ಕೆ ತಿರುಗಿಸಿದ. ಕುತ್ತಿಗೆ ಲಟಕ್ಕೆಂದಿತು. ನ್ಯಾಯಾಧೀಶರು ಮೆಚ್ಚಿ ನಕ್ಕರು. "ನಂಬಿಕಸ್ಥ ಮನುಷ್ಯ. ನಾನು ಇದನ್ನೇ ತಗೊಳ್ತೀನಿ. ಬಿಲ್ ಹಾಕ್ಸಿ."

ಫ್ಯಾನಕ್ಕ ಬಿಲ್ ಪುಸ್ತಕಕ್ಕೆ ಓಡಿದಳು. ಕಾಮೆಂಟ್ರಿಗೆ ಕುಣಿಯಬೇಕೆನಿಸಿತು. ಗೋಡೌನಿನ ಬಲ್ಬು ಕಣ್ಣ ಮುಂದಿಂದ ದೂರ ದೂರ ಸರಿದುಹೋಯಿತು. ಬಿಲ್ ಬರುವವರೆಗೆ ಸುಮ್ಮನೆ ನಿಂತಿರಲಾರದೆ ನ್ಯಾಯಾಧೀಶರು ಕೇಳಿದರು:

"ಅಂದ ಹಾಗೆ, ನಾನೊಬ್ಬನೇ ಇರೋದು. ಸೀರಿಯಲ್ ಗೀರಿಯಲ್ ಆಗಲ್ಲ. ಸಾಕ್ಷ್ಯ ಅಂದ್ರೆ ಸಾಕಾಗಿದೆ, ಆದ್ರೂ ಈ ಸಾಕ್ಷ್ಯಚಿತ್ರ ಅಂತಾರಲ್ಲ, ಅಂಥದ್ದು ಒಂದಾದ್ರೂ ನೋಡ್ಬೇಕು ಅಂತ ಆಸೆ. ನಿಮಗೆ ಯಾವುದಾದ್ರೂ ಗೊತ್ತಾ?"

ಹನ್ನೊಂದು ವರ್ಷದ ಕೆಲಸದಲ್ಲಿ ಯಾವ ಗಿರಾಕಿಯೂ ತಾನಾಗಿ ಸಾಕ್ಷ್ಯಚಿತ್ರ ಕೇಳಿರಲಿಲ್ಲ. ಕೇಳಿದ ದಿನ ಕಾಮೆಂಟ್ರಿಗೆ ಬಾಯಿ ಇರಲಿಲ್ಲ. ಅವನ ಗಂಟಲಲ್ಲಿ ನೂರಾ ಎಂಟು ಚಿತ್ರಗಳು ಒಟ್ಟಿಗೆ ನೂಕುನುಗ್ಗಲು ಮಾಡಿದವು. ಮಾತಾಡುವಂತಿಲ್ಲ ಸರಿ, ತೋರಿಸಬಾರದೆಂದು ಯಾರೂ ಹೇಳಿಲ್ಲವಲ್ಲ! ಅವನು ಎರಡು ಕೈ ಅಗಲಿಸಿ ಗೋಲ್‌ಕೀಪರ್ ಆಗಿ ನಿಂತ. ಬೆರಳುಗಳಲ್ಲಿ ಇಪ್ಪತ್ತೇಳು ತೋರಿಸಿದ. ಪ್ರತಿ ಗೋಲಿಗೂ ತಲೆ ಚಚ್ಚಿಕೊಂಡು ತೋರಿಸಿದ. ನ್ಯಾಯಾಧೀಶರು ಕುತೂಹಲದಿಂದ, "ಜೇನುಹುಳ ಕಚ್ತಾ?" ಎಂದರು. ಅವರಿಗೆ ಅರ್ಥವಾಗುತ್ತಿಲ್ಲವೆಂದು ಕಾಮೆಂಟ್ರಿಗೆ ಸಂಕಟವಾಯಿತು. ಇನ್ನು ಇಪ್ಪತ್ತೆಂಟನೆಯದನ್ನು ತೋರಿಸಲೇಬೇಕು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು, ಇಲ್ಲದ ಚೆಂಡಿಗೆ ಬಲಕ್ಕೆ ಹಾರಿದ.

ಬಲಕ್ಕೆ ಇದ್ದದ್ದು ಫ್ಯಾನುಗಳು.

ಮೊದಲನೆಯ ಸ್ಟ್ಯಾಂಡ್ ಫ್ಯಾನು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಹೀಗೆ ಸಾಲಾಗಿ ಮಲಗಿದವು. ಆನೆಯ ಮಗ್ಗುಲಲ್ಲಿದ್ದದ್ದು ಮಾತ್ರ ಹಟಮಾರಿ, ಈ ಕಡೆಗೇ ವಾಲಿ, ಆನೆಯ ಪಕ್ಕಕ್ಕೆ ಸಿಕ್ಕಿಸಿದ್ದ ಗಿಳಿಯ ಪೆನ್‌ಡ್ರೈವಿಗೆ ಬಡಿದು ಅದನ್ನು ಎರಡು ತುಂಡು ಮಾಡಿ ಕಾಮೆಂಟ್ರಿಯ ಕಾಲ ಮೇಲೆ ಬಿತ್ತು.

"ಅಯ್ಯೋ ಅಮ್ಮಾ! ನನ್ನ ಕಾಲು!" ಎಂಬ ಕೂಗು ಬೀದಿಯ ತುದಿಯವರೆಗೂ ಕೇಳಿಸಿತು. ಅಷ್ಟು ಸ್ಪಷ್ಟವಾದ, ಅಷ್ಟು ಆರೋಗ್ಯವಂತ ಗಂಟಲು ಸುತ್ತಮುತ್ತ ಇನ್ನೊಂದಿರಲಿಲ್ಲ.

ನ್ಯಾಯಾಧೀಶರು ನಿಧಾನವಾಗಿ ಕೋಲೆತ್ತಿ ಅವನ ಕಡೆ ಚಾಚಿದರು. "ಸುಳ್ಳು ಸಾಕ್ಷಿ!" ಎಂದರು. ಬಿಲ್ ಹಿಡಿದು ಬಂದ ಫ್ಯಾನಕ್ಕನ ಕಡೆ ತಿರುಗಿ, "ಕುಮ್ಮಕ್ಕು!" ಎಂದರು. ಆಮೇಲೆ ಯಾವ ಮೇಲ್ಮನವಿಗೂ ಅವಕಾಶ ಕೊಡದೆ ಹೊರಟುಹೋದರು.

ನಾಲ್ಕೂವರೆಗೆ ಯಜಮಾನರು ಬಂದಾಗ ಫ್ಯಾನುಗಳು ಎದ್ದು ನಿಂತಿದ್ದವು. ಕಾಮೆಂಟ್ರಿ ಕಾಲಿಗೆ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದ. ಆನೆಯ ಮುಖ ಕಪ್ಪಾಗಿತ್ತು.

"ಗಿಳಿ ಎಲ್ಲಯ್ಯಾ?"

"ಹಾರಿಹೋಯ್ತು ಸರ್," ಎಂದು ಅವನು ಎರಡು ತುಂಡನ್ನು ಅಂಗೈಯಲ್ಲಿ ತೋರಿಸಿದ.

ಯಜಮಾನರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಇದು ಒಂದೇ ದಿನದಲ್ಲಿ ಎರಡನೆಯ ಸಲ. "ಆಯ್ತು. ಇನ್ನು ಒಂದೂವರೆ ಗಂಟೆ ಇದೆ. ನಾನೇ ಮಾರ್ತೀನಿ. ವ್ಯಾಪಾರ ಅಂದ್ರೆ ಏನು ಅಂತ ಕೂತು ಕಲಿ. ಕಪ್ಪು ಪರದೆ ತೋರ್ಸಿ ಯಾರಿಗೆ ಮಾರೋದು? ಅದೇನು ನಿನ್ನ ಹತ್ರ ಇದೆಯೋ ಹಾಕು. ಆದ್ರೆ ನೀನು ಉಸಿರೆತ್ತಬಾರ್ದು."

ಕಾಮೆಂಟ್ರಿ ಉಸಿರೆತ್ತದೆ ನಡಿಗೆಯವನ ಚಿತ್ರ ಹಾಕಿದ. ಅದು ಅವನಿಗೆ ನೂರಾ ಎಂಟರಲ್ಲೂ ಹೆಚ್ಚಿನದು, ಹತ್ತೊಂಬತ್ತು ಸಲ ನೋಡಿದ್ದ. ಐವತ್ತು ಕಿಲೋಮೀಟರ್ ನಡಿಗೆ ಸ್ಪರ್ಧೆ. ಓಡಿದರೆ ಅನರ್ಹ. ಒಬ್ಬ ಪೋಸ್ಟ್‌ಮನ್ ಅದರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದಾನೆ. ಉಳಿದವರು ಮುಗಿಸಿ, ಪದಕ ತೊಟ್ಟು, ಮನೆಗೆ ಹೋಗಿ ಊಟವನ್ನೂ ಮಾಡಿದ್ದಾರೆ. ಇವನು ಇನ್ನೂ ನಡೆಯುತ್ತಿದ್ದಾನೆ. ಸ್ಟೇಡಿಯಮ್ಮಿನ ಗೇಟಿನಲ್ಲಿ ವಾಚ್‌ಮನ್ ಬೀಗದ ಕೈಗೊಂಚಲು ಹಿಡಿದು ಕಾಯುತ್ತಿದ್ದಾನೆ.

ಯಜಮಾನರು ಆನೆಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ಸೋಫಾದಲ್ಲಿ ಕೂತರು. ಮೂವತ್ತು ವರ್ಷದಿಂದ ಟೀವಿ ಮಾರುತ್ತಿದ್ದರೂ ಅವರು ಒಂದನ್ನೂ ನೋಡಿದವರಲ್ಲ. ಅವರ ಪಾಲಿಗೆ ಟೀವಿ ಎಂದರೆ ಡಬ್ಬ, ಮಾಡೆಲ್ ನಂಬರು, ಗ್ಯಾರಂಟಿ ಕಾರ್ಡು. ಬೆನ್ನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿ ಅವರು ಸುಮ್ಮನೆ ಒಮ್ಮೆ ತಿರುಗಿದರು.

"ಇವನ್ಯಾಕೆ ಹೀಗೆ ಸೊಂಟ ತಿರುಗಿಸ್ಕೊಂಡು ಹೋಗ್ತಿದ್ದಾನೆ?"

ಕಾಮೆಂಟ್ರಿ ತುಟಿ ಬಿಗಿಹಿಡಿದ.

"ಹೇಳಯ್ಯಾ! ಓಡ್ಬಾರ್ದಾ ಅವನು?"

"ಓಡ್ಬಾರ್ದು ಸರ್. ಒಂದು ಪಾದ ಯಾವಾಗ್ಲೂ ನೆಲದ ಮೇಲಿರ್ಬೇಕು."

ಯಜಮಾನರು ಮೊದಲು ಕುತ್ತಿಗೆ ತಿರುಗಿಸಿದರು. ಆಮೇಲೆ ಸೊಂಟ. ಆಮೇಲೆ ಸೋಫಾವನ್ನೇ. ಐದೂಕಾಲಿಗೆ ಅವರು ಚಪ್ಪಲಿ ಕಳಚಿ ಕಾಲು ಮಡಚಿಕೊಂಡಿದ್ದರು. ಪೋಸ್ಟ್‌ಮನ್‌ಗಿಂತ ಹೆಚ್ಚಾಗಿ ಅವರ ಕರುಳು ಚುರುಕ್ ಎಂದದ್ದು ವಾಚ್‌ಮನ್‌ಗಾಗಿ. ದಿನವೂ ಕೊನೆಗೆ ಶಟರ್ ಎಳೆದು ಬೀಗ ಹಾಕುವ ಮನುಷ್ಯರಲ್ಲವೇ ಅವರು! "ಪಾಪ ಕಣಯ್ಯಾ, ಇವನು ಬರೋವರೆಗೂ ಅವನು ಬೀಗ ಹಾಕೋ ಹಾಗಿಲ್ಲ. ಅವನಿಗೂ ಮನೆ ಮಠ ಇರಲ್ವಾ? ಹಾಕ್ಬಿಡ್ತಾನಾ? ಹಾಕಲ್ಲ ತಾನೆ?" ಎಂದು ಕೇಳುತ್ತಲೇ ಇದ್ದರು. ಕಾಮೆಂಟ್ರಿಗೆ ಆ ಗಳಿಗೆಯಲ್ಲಿ ಕಾಲುನೋವೂ ಗೋಡೌನೂ ಎರಡೂ ಮರೆತುಹೋದವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಜಮಾನರೇ ಅವನ ಚಿತ್ರವನ್ನು ಮನಸ್ಸಿಟ್ಟು ನೋಡುತ್ತಿದ್ದರು.

ಐದು ಗಂಟೆ ನಲವತ್ತೆಂಟು ನಿಮಿಷಕ್ಕೆ ಕಟ್ಟಡದ ಕಂಟ್ರಾಕ್ಟರ್ ಅಮ್ಮ ಒಳಗೆ ಬಂದರು. ತಲೆಯ ಮೇಲೆ ಹೆಲ್ಮೆಟ್ಟು, ಬೂಟಿನ ತುಂಬ ಸಿಮೆಂಟು, ಕೈಯಲ್ಲಿ ಒಂದು ಚೀಟಿ. ಅವರು ಆನೆಯನ್ನು ನೋಡಿದವರೇ ಚೀಟಿಯನ್ನು ನೋಡಿದರು, ಮತ್ತೆ ಆನೆಯನ್ನು ನೋಡಿದರು.

"ಇದೇ! ನಮ್ಮ ಮೇಸ್ತ್ರಿ ತಪ್ಪು ಅಳತೆ ಹಿಡಿದು ಹೊಸ ಮನೆ ಹಾಲಿನ ಗೋಡೇಲಿ ಟೀವಿಗೆ ಅಂತ ಇಷ್ಟು ದೊಡ್ಡ ಗೂಡು ಮಾಡಿಟ್ಟಿದ್ದಾನೆ. ಒಂಬತ್ತು ಅಂಗಡಿ ತಿರುಗಿದೆ, ಅದಕ್ಕೆ ಹೊಂದೋದು ಇದೊಂದೇ. ಈಗ್ಲೇ ತಗೊಂಡು ಹೋಗ್ತೀನಿ. ಹೊರಗೆ ಲಾರಿ ನಿಂತಿದೆ."

ಕಾಮೆಂಟ್ರಿಗೆ ಮಾತು ಹೊರಡಲಿಲ್ಲ. ಈ ಸಲ ಆಪರೇಷನ್ನಿನ ಅಗತ್ಯವೇ ಇರಲಿಲ್ಲ. ಚಿತ್ರ ಬೇಕಾಗಿಲ್ಲ, ಗಿಳಿ ಬೇಕಾಗಿಲ್ಲ, ಬೆಲೆಯನ್ನೂ ಕೇಳದ ಗಿರಾಕಿ! ಅವನು ಕುಂಟುತ್ತ ಬಿಲ್ ಪುಸ್ತಕ ತಂದ.

"ಒಂದೇ ಮಾತು," ಎಂದರು ಕಂಟ್ರಾಕ್ಟರ್ ಅಮ್ಮ. "ಇವತ್ತೇ ನಿಮ್ಮ ಜನ ಬಂದು ಗೂಡಲ್ಲಿ ಕೂರಿಸಿ ಕೊಡ್ಬೇಕು. ಕೊಡ್ತೀರಾ?"

ಅದನ್ನು ಯಜಮಾನರೇ ಒಪ್ಪಬೇಕಿತ್ತು. ಕಾಮೆಂಟ್ರಿ ಸೋಫಾದ ಬಳಿ ಬಗ್ಗಿ, "ಸರ್, ಮೇಡಂ ಆನೆ ತಗೋತಿದ್ದಾರೆ. ಇವತ್ತೇ ಕೂರಿಸಿ ಕೊಡ್ತೀರಾ ಅಂತ ಕೇಳ್ತಿದ್ದಾರೆ" ಎಂದ.

ಪರದೆಯ ಮೇಲೆ ಕತ್ತಲಾಗುತ್ತಿತ್ತು. ಪೋಸ್ಟ್‌ಮನ್ ಕೊನೆಯ ತಿರುವಿನಲ್ಲಿದ್ದ. ವಾಚ್‌ಮನ್ ಗೇಟಿನ ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ.

"ನೋಡೋಣ," ಎಂದರು ಯಜಮಾನರು.

ಕಂಟ್ರಾಕ್ಟರ್ ಅಮ್ಮನ ಹುಬ್ಬು ಹೆಲ್ಮೆಟ್ಟಿನೊಳಗೆ ಸೇರಿತು. "ನೋಡೋಣ ಅಂದ್ರೆ? ಕೊಡ್ತೀರೋ ಇಲ್ವೋ?"

"ನೋಡೋಣ ಅಂದ್ನಲ್ಲಾ! ಸ್ವಲ್ಪ ತಡೀರಿ!"

"ಮೇಡಂ, ಅವರು ಹೇಳ್ತಿರೋದು ಆ ನೋಡೋಣ ಅಲ್ಲ!" ಎಂದು ಕಾಮೆಂಟ್ರಿ ಕೈ ಮುಗಿದ. "ಇದು ನಿಜವಾದ ನೋಡೋಣ! ಕಣ್ಣಲ್ಲಿ ನೋಡೋಣ!"

"ನಂಗೆ ಹೇಳ್ಕೊಡ್ತೀಯೇನಪ್ಪಾ?" ಎಂದರು ಆಕೆ. "ಮೂವತ್ತು ವರ್ಷದಿಂದ ಕೂಲಿಯೋರಿಗೆ, ಮನೆ ಕಟ್ಸೋರಿಗೆ, ಮೇಸ್ತ್ರಿಗೆ ದಿನಕ್ಕೆ ನಲವತ್ತು ಸಲ ಹೇಳ್ತೀನಿ ಈ ಮಾತು. ಅದರ ಅರ್ಥ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೂಡಿಗೆ ಇಟ್ಟಿಗೆ ತುಂಬಿಸ್ತೀನಿ, ಬೇಡ ನಿಮ್ಮ ಟೀವಿ."

ಬೂಟು ದಡದಡ ಎನ್ನುತ್ತ ಹೋಯಿತು. ಲಾರಿ ಹೊರಟ ಸದ್ದು ಕೇಳಿತು. ಅದೇ ಹೊತ್ತಿಗೆ ಪೋಸ್ಟ್‌ಮನ್ ಗೇಟಿನೊಳಗೆ ಕಾಲಿಟ್ಟ. ಖಾಲಿ ಸ್ಟೇಡಿಯಮ್ಮಿನಲ್ಲಿ ವಾಚ್‌ಮನ್ ಒಬ್ಬನೇ ಚಪ್ಪಾಳೆ ತಟ್ಟಿದ, ಬೀಗದ ಗೊಂಚಲು ಝಣಝಣ ಎಂದಿತು. ಯಜಮಾನರು ಸೋಫಾದ ಮೇಲೆ ಎದ್ದು ನಿಂತು ಅವನ ಜೊತೆಗೆ ಚಪ್ಪಾಳೆ ತಟ್ಟಿದರು. ಕಣ್ಣೀರು ಕನ್ನಡಕದ ಕೆಳಗಿಂದ ಧಾರಾಕಾರವಾಗಿ ಇಳಿಯುತ್ತಿತ್ತು.

ಅಂಗಡಿಯ ಗಡಿಯಾರ ಆರು ಹೊಡೆಯಿತು.

"ಆ ಹೆಲ್ಮೆಟ್ ಅಮ್ಮ ಎಲ್ಲಿ?" ಎಂದರು ಯಜಮಾನರು ಮೂಗೊರೆಸಿಕೊಳ್ಳುತ್ತ.

"ಹೋದರು ಸರ್. ನೀವು ನೋಡೋಣ ಅಂದ್ರಿ."

ಯಜಮಾನರು ಸೋಫಾದಿಂದ ಇಳಿದು ಚಪ್ಪಲಿ ಹುಡುಕಿದರು. ಒಂದೊಂದಾಗಿ ಮೆಟ್ಟಿಕೊಂಡರು. ಅವರು ಮುಂಗೋಪಿಯೇ ಹೊರತು ಅನ್ಯಾಯಸ್ಥರಲ್ಲ. ಕೊನೆಗೆ, "ತಪ್ಪು ನಿಂದಲ್ಲ. ನಂದೇ" ಎಂದರು. ಕಾಮೆಂಟ್ರಿ ಹೋದ ಜೀವ ಬಂದವನಂತೆ ಉಸಿರು ಬಿಟ್ಟ.

"ಅದಕ್ಕೇ ನೀನು ಗೋಡೌನಿಗೆ ಹೋಗ್ಬೇಕು."

"ಸರ್!"

"ಮೂವತ್ತು ವರ್ಷದಲ್ಲಿ ಕೈ ಚಾಚಿ ಬಂದ ಗಿರಾಕೀನ ನಾನು ಬಿಟ್ಟವನಲ್ಲ. ಒಂದೂವರೆ ಗಂಟೇಲಿ ನನ್ನನ್ನೇ ಹೀಗೆ ಮಾಡಿದ್ದೀಯ. ನೀನು ಮೇಲೆ ಇದ್ರೆ ನಾನು ಟೀವಿ ನೋಡ್ತೀನಿ, ಫ್ಯಾನಕ್ಕ ನೋಡ್ತಾಳೆ, ಗಿರಾಕಿಗಳು ಅಳ್ತಾರೆ, ಅಂಗಡಿ ಮುಚ್ಚುತ್ತೆ. ನೀನು ಕೆಳಗೇ ಇರು. ಈ ಆನೆಯನ್ನೂ ಕೆಳಗೆ ಸಾಗಿಸು."

ಕುಸಿದಿದ್ದ ಕಾಮೆಂಟ್ರಿ ತಲೆ ಎತ್ತಿದ. ಆನೆಯೂ ಕೆಳಗೆ! ಗಿರಾಕಿಗಳಿಲ್ಲ, ಅತ್ತೆಯಿಲ್ಲ, ಗಿಳಿಯಿಲ್ಲ. ಆ ಕತ್ತಲ ಕೋಣೆಯಲ್ಲಿ ಎಂಬತ್ತೈದು ಇಂಚೂ ಅವನೊಬ್ಬನದೇ! ಕಾಲುನೋವನ್ನು ಲೆಕ್ಕಿಸದೆ ಅವನು ಆನೆಯ ಒಂದು ತುದಿ ಹಿಡಿದ. ಫ್ಯಾನಕ್ಕ, ಗೋಡೌನ್ ಮಾವ, ಯಜಮಾನರು ಸೇರಿ ಇನ್ನೊಂದು ತುದಿ ಹಿಡಿದರು. ಅರ್ಧ ಗಂಟೆಯಲ್ಲಿ ಆನೆ ನೆಲಮಾಳಿಗೆಯ ಗೋಡೆಗೆ ಒರಗಿತು. ಗೋಡೌನ್ ಮಾವ ಬೀಗದ ಕೈ ಕೊಟ್ಟು, ಬೆಳಕಿಗೆ ಕೈ ಅಡ್ಡ ಹಿಡಿದು ಶಾಶ್ವತವಾಗಿ ಮೇಲೆ ಹೋದರು.

ಯಜಮಾನರು ಹೋಗಲಿಲ್ಲ. ಒಂದು ಫ್ರಿಜ್ಜಿನ ಡಬ್ಬದ ಮೇಲೆ ಕೂತು, ಪಕ್ಕದ ಡಬ್ಬವನ್ನು ತಟ್ಟಿದರು.

"ಕೂತ್ಕೋ. ದಿನಾ ಸಂಜೆ ಐದಕ್ಕೆ ನಾನು ಬರ್ತೀನಿ."

ಕಾಮೆಂಟ್ರಿಯ ಮುಖ ಅರಳಿತು. "ಖಂಡಿತ ಸರ್! ಇನ್ನೂ ನೂರಾ ಏಳಿವೆ. ಈಗ ಒಬ್ಬಳು ಈಜುಗಾರ್ತಿದು ಹಾಕ್ತೀನಿ, ಅರವತ್ತನೇ ವಯಸ್ಸಲ್ಲಿ..."

"ಬೇರೇದು ಯಾಕಯ್ಯಾ?" ಎಂದು ಯಜಮಾನರು ರಿಮೋಟು ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. "ಪೋಸ್ಟ್‌ಮನ್‌ದೇ ಮೊದಲಿಂದ ಹಾಕ್ತೀನಿ. ದಿನಾ ಅದೇ. ಏನು ಸಿನಿಮಾ ಕಣಯ್ಯಾ ಅದು! ನೀನು ಮಧ್ಯೆ ಗಿರಾಕಿ ಗಿರಾಕಿ ಅಂತ ಓಡಾಡ್ತಿದ್ದೆ, ಸರಿಯಾಗಿ ನೋಡ್ಲೇ ಇಲ್ಲ. ನೋಡ್ಲೇಬೇಕು ನೀನು!"

ಪರದೆ ಬೆಳಗಿತು. ಪೋಸ್ಟ್‌ಮನ್ ಶೂಸಿನ ದಾರ ಕಟ್ಟಿಕೊಳ್ಳುತ್ತಿದ್ದ. ಯಜಮಾನರು ಕಾಮೆಂಟ್ರಿಯ ತೊಡೆಯ ಮೇಲೆ ಪಟಾರನೆ ಬಾರಿಸಿ, "ಈಗೇನಾಗುತ್ತೆ ಗೊತ್ತಾ? ಇವನೇ ಕೊನೆಗೆ ಬರೋದು! ಆಮೇಲೆ ಗೇಟಲ್ಲಿ ಒಬ್ಬ ವಾಚ್‌ಮನ್ ಇರ್ತಾನೆ, ಅವನು ಏನ್ಮಾಡ್ತಾನೆ ಅಂದ್ರೆ..." ಎಂದು ಇಡೀ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳತೊಡಗಿದರು.